ನಮ್ಮ ಕಾಕಾ ಮತ್ತು ಬೋಫೋರ್ಸು

ಬೋಫೋರ್ಸ್ ಅನ್ನೋ ಶಬ್ದ ನಾನು ಮೊದಲು ಕೇಳಿದ್ದು ಗೋಲಿ ಆಡುವಾಗ. 1989ರ ಎಲೆಕ್ಷನ್ ಹೊತ್ತಿಗೆ ನಮ್ಮೂರು ಕರ್ಜಗಿಯಲ್ಲಿ ಆ ಶಬ್ದ ಎಷ್ಟು ಬಳಕೆಯಲ್ಲಿತ್ತು ಅಂದರೆ, ಆಟದಲ್ಲಿ ಮೋಸ ಮಾಡಿದವನಿಗೆ "ಏ ಬೋಫೋರ್ಸ್!" ಅಂದರೆ ಸಾಕು, ಅವನು ಅಂಗಿ ಹಿಡಿದು ಜಗಳಕ್ಕೆ ಬರುತ್ತಿದ್ದ. ಅದು ಸ್ವೀಡನ್ನಿನ ಒಂದು ಕಂಪನಿ ಹೆಸರು, ಅವರು ತೋಪು ಮಾಡ್ತಾರೆ ಅಂತೆಲ್ಲ ನಮಗೆ ಯಾರು ಹೇಳಬೇಕು? ಬೋಫೋರ್ಸ್ ಅಂದರೆ ಕಳ್ಳ, ಅಷ್ಟೇ.

ತಮಾಷೆ ಏನಪ್ಪಾ ಅಂದರೆ, ಅದೇ ಹೊತ್ತಿಗೆ ನಮ್ಮ ಮನೆಯವನೇ ಒಬ್ಬ ಆ ತೋಪಿನ ಪಕ್ಕದಲ್ಲಿ ನಿಂತು ಕೆಲಸ ಕಲಿಯುತ್ತಿದ್ದ. ನಮ್ಮ ಕಾಕಾ, ಅಪ್ಪನ ಕೊನೆಯ ತಮ್ಮ. 1987ರಲ್ಲಿ ಭರ್ತಿಯಾಗಿ, ಹೈದರಾಬಾದಿನ ಗೋಲ್ಕೊಂಡದಲ್ಲಿರುವ ಆರ್ಟಿಲರಿ ಸೆಂಟರಿನಲ್ಲಿ ತರಬೇತಿ ಮುಗಿಸಿ ಗನ್ನರ್ ಆಗಿದ್ದ. ರಜೆಗೆ ಬಂದಾಗ ಚಾದಂಗಡಿಯಲ್ಲಿ ಕೂತ ಹಿರಿಯರು ಅವನನ್ನು ಬಿಡುತ್ತಿರಲಿಲ್ಲ. "ಏನಪಾ, ಆ ತೋಪಿನ ರೊಕ್ಕದಾಗ ನಿನಗೆಷ್ಟು ಬಂತು?" ಕಾಕಾ ನಕ್ಕು ಚಾ ಕುಡಿದು ಎದ್ದು ಬರುತ್ತಿದ್ದ. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ ಅಂತ ಅವ್ವ ಈಗಲೂ ಹೇಳುತ್ತಾಳೆ.

(ಕರ್ಜಗಿ ಎಲ್ಲಿ ಅಂತ ಕೇಳುವವರಿಗೆ: ಹಾವೇರಿಯಿಂದ ಹುಬ್ಬಳ್ಳಿ ಕಡೆ ರೈಲಿನಲ್ಲಿ ಹೊರಟರೆ ಮೊದಲು ಸಿಗುವ ಸಣ್ಣ ಸ್ಟೇಷನ್. ವರದಾ ನದಿ ಬದಿಯ ಊರು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ತಾಲ್ಲೂಕು ಅಂತಲೇ ಇತ್ತು, ಕಚೇರಿ ಮಾತ್ರ ಹಾವೇರಿಯಲ್ಲಿ! ಹೆಸರು ನಮ್ಮದು, ಕುರ್ಚಿ ಅವರದು. ಇರಲಿ ಬಿಡಿ.)

ಆ ಹಗರಣದ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕು. 1986ರ ಮಾರ್ಚಿನಲ್ಲಿ ಭಾರತ ಸರ್ಕಾರ 410 ತೋಪುಗಳಿಗೆ ಒಪ್ಪಂದ ಮಾಡಿಕೊಂಡಿತು, ಸುಮಾರು 1437 ಕೋಟಿ ರೂಪಾಯಿ. ಮರುವರ್ಷ ಏಪ್ರಿಲ್ 16ಕ್ಕೆ ಸ್ವೀಡನ್ನಿನ ರೇಡಿಯೋ ಲಂಚದ ಸುದ್ದಿ ಹೊರಗೆ ಹಾಕಿತು. ಮುಂದಿನದ್ದು ನಿಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದ್ದು ಇದು: ಆ ಹೆದರಿಕೆಗೆ ಮುಂದೆ ಬಂದ ಯಾವ ಸರ್ಕಾರವೂ ದೊಡ್ಡ ತೋಪು ಕೊಳ್ಳುವ ಧೈರ್ಯ ಮಾಡಲಿಲ್ಲ. ದಕ್ಷಿಣ ಆಫ್ರಿಕಾದ ಡೆನೆಲ್ ಕಂಪನಿಯ ತೋಪನ್ನು ನಮ್ಮ ಅರ್ಜುನ್ ಟ್ಯಾಂಕಿನ ಮೇಲೆ ಕೂಡಿಸಿ 'ಭೀಮ್' ಅಂತ ಮಾಡುವ ಯೋಜನೆ ಒಂದಿತ್ತು, ನಮ್ಮ ಬೆಂಗಳೂರಿನ ಬಿಇಎಂಎಲ್ ಕೂಡ ಅದರಲ್ಲಿತ್ತು. 2005ರಲ್ಲಿ ಡೆನೆಲ್ಲನ್ನೂ ಬೇರೊಂದು ಲಂಚದ ಆರೋಪದಲ್ಲಿ ಕಪ್ಪುಪಟ್ಟಿಗೆ ಹಾಕಿದರು. ಭೀಮ ಹುಟ್ಟುವ ಮೊದಲೇ ಸತ್ತ. ಕೊನೆಗೆ ಹೊಸ ತೋಪು ಸೈನ್ಯಕ್ಕೆ ಬಂದಿದ್ದು 2018ರ ನವೆಂಬರಿನಲ್ಲಿ, ದೇವಳಾಲಿಯಲ್ಲಿ. ನಡುವೆ ಮೂವತ್ತು ವರ್ಷ! ಅಂದರೆ ಕಾಕಾ ಭರ್ತಿಯಾದಾಗ ಹೊಸದಾಗಿದ್ದ ತೋಪು, ಅವನು 2009ರಲ್ಲಿ ಪೆನ್ಷನ್ ತಗೊಂಡು ಬಂದಾಗಲೂ ಸೈನ್ಯದ ಅತ್ಯಂತ ಹೊಸ ದೊಡ್ಡ ತೋಪೇ ಆಗಿತ್ತು.

ಆರ್ಟಿಲರಿ ಅಂದರೆ ಏನು ಅಂತ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಮಿಲಿಟ್ರಿ ಅಂದರೆ ಬಂದೂಕು ಹಿಡಿದು ಗುಡ್ಡ ಹತ್ತುವವರು. ತೋಪಿನ ಲೆಕ್ಕ ಬೇರೆ. ಆರು ತೋಪು ಸೇರಿ ಒಂದು ಬ್ಯಾಟರಿ, ಮೂರು ಬ್ಯಾಟರಿ ಸೇರಿ ಒಂದು ರೆಜಿಮೆಂಟು, ಅಂಥ ಕೆಲವು ರೆಜಿಮೆಂಟುಗಳು ಸೇರಿದರೆ ಒಂದು ಆರ್ಟಿಲರಿ ಬ್ರಿಗೇಡು. 1999ರ ಬೇಸಿಗೆಯಲ್ಲಿ ಕಾಕಾನ ರೆಜಿಮೆಂಟನ್ನು ದ್ರಾಸ್ ಕಡೆ ಕಳಿಸಿದಾಗ ಅಲ್ಲಿನ ತೋಪುಗಳನ್ನೆಲ್ಲ ನಡೆಸುತ್ತಿದ್ದದ್ದು 8ನೇ ಮೌಂಟನ್ ಆರ್ಟಿಲರಿ ಬ್ರಿಗೇಡು, ಬ್ರಿಗೇಡಿಯರ್ ಲಖ್ವಿಂದರ್ ಸಿಂಗ್ ಅದರ ಕಮಾಂಡರ್.

ಕಾಕಾ ಲೇಯರ್ ಆಗಿದ್ದ. ಲೇಯರ್ ಅಂದರೆ ತೋಪಿಗೆ ಗುರಿ ಕೂಡಿಸುವವನು. ಹಂಗಂದರೆ ಏನು ಅಂತ ಒಮ್ಮೆ ನಮ್ಮ ಮೆಣಸಿನಕಾಯಿ ಹೊಲದಲ್ಲಿ ನನಗೆ ಪಾಠವೇ ಮಾಡಿದ. ಎರಡು ಜಾಲಿ ಕಟ್ಟಿಗೆ ತಂದು, ಒಂದರ ಹಿಂದೆ ಒಂದು ಸಾಲಾಗಿ ಬದುವಿನ ಮೇಲೆ ನೆಟ್ಟ. ಆಮೇಲೆ ಬೆನ್ನ ಹಿಂದಿನ ದಿಬ್ಬದ ಕಡೆ ಕೈ ಮಾಡಿ, "ವೈರಿ ಅಲ್ಲಿ ದಿಬ್ಬದ ಆಚಿಗೆ ಅದಾನ ಅಂತ ತಿಳ್ಕೊ. ನಾ ಎಲ್ಲಿ ನೋಡಬೇಕು ಹೇಳು?" ಅಂದ. ದಿಬ್ಬದ ಕಡೆ, ಅಂದೆ. ನಕ್ಕ. "ಅಲ್ಲಿ ನೋಡಿದ್ರ ದಿಬ್ಬ ಕಾಣ್ತೈತಿ, ವೈರಿ ಕಾಣ್ತಾನೇನು? ನಾ ನೋಡೂದು ಈ ಕೋಲು."

ಸಂಗತಿ ಹೀಗೆ. ತೋಪಿಗೂ ವೈರಿಗೂ ನಡುವೆ ಹತ್ತಿಪ್ಪತ್ತು ಕಿಲೋಮೀಟರ್, ನಡುವೆ ಗುಡ್ಡ. ತೋಪಿನವರಿಗೆ ಏನೂ ಕಾಣುವುದಿಲ್ಲ. ಕಾಣುವುದು ಕಾಲಾಳುಗಳ ಜೊತೆ ಮುಂದೆ ಹೋಗಿರುವ ಆರ್ಟಿಲರಿ ಆಫೀಸರಿಗೆ. ಅವನು ರೇಡಿಯೋದಲ್ಲಿ ವೈರಿ ಇರುವ ಜಾಗ ಹೇಳುತ್ತಾನೆ. ಹಿಂದೆ ಕಮಾಂಡ್ ಪೋಸ್ಟಿನಲ್ಲಿ ಕೂತವರು ಗಾಳಿ ಎಷ್ಟು, ಚಳಿ ಎಷ್ಟು, ಎತ್ತರ ಎಷ್ಟು, ಯಾವ ಮದ್ದು ಅಂತ ಲೆಕ್ಕ ಹಾಕಿ ಒಂದಿಷ್ಟು ಅಂಕಿ ಕೂಗುತ್ತಾರೆ. ಲೇಯರ್ ಆ ಅಂಕಿಯನ್ನು ಡಯಲ್ ಸೈಟಿನಲ್ಲಿ ತಿರುವಿ, ಅದರ ಕಣ್ಣಲ್ಲಿ ದೂರದಲ್ಲಿ ನೆಟ್ಟ ಎರಡು ಕೆಂಪು ಬಿಳಿ ಪಟ್ಟೆಯ ಕೋಲು ಒಂದೇ ಸಾಲಿಗೆ ಬರುವ ಹಾಗೆ ತೋಪನ್ನು ತಿರುಗಿಸುತ್ತಾನೆ. ಕೋಲು ಕೂಡಿತು ಅಂದರೆ ತೋಪಿನ ಬಾಯಿ ಕಾಣದ ವೈರಿಯ ಕಡೆ ತಿರುಗಿತು ಅಂತ. ರೆಡಿ. ಫೈರ್. ಮುಂದಿರುವ ಆಫೀಸರು ಎಲ್ಲಿ ಬಿತ್ತು ನೋಡಿ, ಅಷ್ಟು ಎಡಕ್ಕೆ, ಇಷ್ಟು ಮುಂದಕ್ಕೆ ಅಂತಾನೆ. ಮತ್ತೆ ಅಂಕಿ. ಮತ್ತೆ ಕೋಲು.

"ಹನ್ನೆರಡು ವರ್ಷ ಎರಡು ಕೋಲು ನೋಡೀನಿ ನೋಡ್ ತಮ್ಮಾ. ಮತ್ತೇನೂ ನೋಡಿಲ್ಲ."

ಕೇಳಲು ಸುಲಭ ಅನ್ನಿಸುತ್ತದೆ, ಅಲ್ಲವಾ? ನನಗೂ ಅನ್ನಿಸಿತ್ತು. ಆಗ ಕಾಕಾ ಮಿಲ್ ಅನ್ನುವ ಅಳತೆ ಹೇಳಿದ. ನಾವು ಶಾಲೆಯಲ್ಲಿ ವೃತ್ತಕ್ಕೆ 360 ಡಿಗ್ರಿ ಅಂತ ಕಲಿಯುತ್ತೇವೆ, ಅವರಿಗೆ 6400 ಮಿಲ್. ಒಂದು ಮಿಲ್ ತಪ್ಪಿದರೆ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮೀಟರ್ ತಪ್ಪುತ್ತದೆ. ಇಪ್ಪತ್ತು ಕಿಲೋಮೀಟರಿಗೆ ಇಪ್ಪತ್ತು ಮೀಟರ್. ಐದು ಮಿಲ್ ತಪ್ಪಿದರೆ ನೂರು ಮೀಟರ್. ಐದು ಮಿಲ್ ಅಂದರೆ ಕೈಚಕ್ರವನ್ನು ಒಂದು ಚೂರು ತಿರುವಿದಷ್ಟು. ನಿದ್ದೆಗಣ್ಣಿನಲ್ಲಿ, ಬೆರಳು ಮರಗಟ್ಟಿದಾಗ ಯಾರ ಕೈಯಾದರೂ ಜಾರುವಷ್ಟು.

ಆ ನೂರು ಮೀಟರಿನಲ್ಲಿ ಯಾರಿದ್ದರು ಅನ್ನುವುದೇ ಕಾರ್ಗಿಲ್ಲಿನ ಪ್ರಶ್ನೆ. ವೈರಿ ಗುಡ್ಡದ ನೆತ್ತಿಯಲ್ಲಿ. ನಮ್ಮ ಹುಡುಗರು ರಾತ್ರಿಯೆಲ್ಲ ಹತ್ತಿ ಅವನ ಕಾಲಡಿಗೆ ಬಂದು ಬಂಡೆ ಮರೆಯಲ್ಲಿ ಮಲಗಿದ್ದಾರೆ. ಅವರ ತಲೆಯ ಮೇಲಿಂದ ತೋಪಿನ ಗುಂಡು ಹೋಗಬೇಕು. ಒಂದೊಂದು ಗುಂಡು 40 ಕಿಲೋಗೂ ಹೆಚ್ಚು, ಹೆಚ್ಚುಕಡಿಮೆ ಒಂದು ಯೂರಿಯಾ ಚೀಲ. ಗುಂಡು ಬೀಳುವುದು ನಿಂತ ಕೂಡಲೇ, ವೈರಿ ತಲೆ ಎತ್ತುವ ಮೊದಲೇ ನಮ್ಮವರು ಮೇಲೆ ಹಾರಬೇಕು. ಅದಕ್ಕೇ ಅವರು ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ತೋಪಿನವನಿಗೆ ಅಷ್ಟೇ ಕಷ್ಟ.

ಅದರ ಮೇಲೆ ದ್ರಾಸ್ ಇರುವುದೇ ಹತ್ತು ಸಾವಿರ ಅಡಿ ಮೇಲೆ. ಗುಡ್ಡಗಳು ಹದಿನೈದು ಹದಿನಾರು ಸಾವಿರ. ಅಲ್ಲಿ ಗಾಳಿ ತೆಳು, ಗುಂಡು ಹೇಳಿದ್ದಕ್ಕಿಂತ ದೂರ ಹಾರುತ್ತದೆ. ಬಯಲಿಗೆ ಮಾಡಿದ ಲೆಕ್ಕದ ಪುಸ್ತಕ ಅಲ್ಲಿ ಹಾಗೇ ನಡೆಯುವುದಿಲ್ಲ. ಹೊಡೆದು ನೋಡಿ, ಎಲ್ಲಿ ಬಿತ್ತು ಅಂತ ಬರೆದುಕೊಂಡು, ಅಲ್ಲಲ್ಲೇ ಲೆಕ್ಕ ತಿದ್ದಬೇಕು.

ಊರಲ್ಲಿ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು 56 ಎಪಿಓ ಅಂತ ವಿಳಾಸ ಬರೆದ ನೀಲಿ ಇನ್‌ಲ್ಯಾಂಡ್ ಪತ್ರ ಬರುವುದು ನಿಂತಿದೆ ಅಂತ ಮಾತ್ರ. ಆ ವರ್ಷ ಅಧಿಕ ಜ್ಯೇಷ್ಠ ಬಂದು ಕಾರಹುಣ್ಣಿಮೆ ಜೂನ್ 28ಕ್ಕೆ ಬಿದ್ದಿತ್ತು. ಕರ್ಜಗಿ ಕಾರಹುಣ್ಣಿಮೆ ಅಂದರೆ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು, ಎತ್ತಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಊರಿಗೆ ಊರೇ ಬೀದಿಯಲ್ಲಿ ಇರುತ್ತದೆ. ಆ ಸಲ ನಮ್ಮ ಮನೆಯ ಎತ್ತಿಗೂ ಬಣ್ಣ ಬಳಿದರು, ಆದರೆ ಆಯಿ ಬೀದಿಗೆ ಬರಲಿಲ್ಲ. ಪಕ್ಕದ ಮನೆಯ ಟೀವಿ ಮುಂದೆ ಕೂತಿದ್ದಳು. ನಿಮಗೂ ಆ ಚಿತ್ರ ನೆನಪಿರಬಹುದು: ಬೋಫೋರ್ಸ್ ತೋಪು ಬೆಂಕಿ ಉಗುಳಿ ಹಿಂದಕ್ಕೆ ಜಗ್ಗುತ್ತದೆ, ನಾಲ್ಕೈದು ಜನ ಹೆಲ್ಮೆಟ್ ಹಾಕಿದವರು ಕಿವಿ ಮುಚ್ಚಿಕೊಂಡು ಬೆನ್ನು ತಿರುಗಿಸುತ್ತಾರೆ. ಆ ಬೆನ್ನು ಕಂಡಾಗಲೆಲ್ಲ ಆಯಿ, "ಅವನ ಹೌದಲ್ಲ? ಅವನ ಹೌದು ನೋಡು" ಅನ್ನುತ್ತಿದ್ದಳು. ಯಾರೂ ಅಲ್ಲ ಅನ್ನಲಿಲ್ಲ.

ಅಷ್ಟರಲ್ಲಿ ತೋಲೋಲಿಂಗ್ ಜೂನ್ 13ಕ್ಕೆ, ಪಾಯಿಂಟ್ 5140 ಜೂನ್ 20ಕ್ಕೆ ನಮ್ಮ ಕೈಗೆ ಬಂದಿದ್ದವು. ಉಳಿದದ್ದು ಟೈಗರ್ ಹಿಲ್. ಜುಲೈ 4ಕ್ಕೆ ಅದೂ ಬಂತು. ಆ ಗುಡ್ಡಕ್ಕಾಗಿ ಒಂದೇ ದಿನ ಸುಮಾರು 9000 ಗುಂಡು ಹಾರಿಸಿದರು ಅಂತ ಲೆಕ್ಕವಿದೆ. ಇಡೀ ಯುದ್ಧದಲ್ಲಿ ಸುಮಾರು 300 ತೋಪು, ಮಾರ್ಟರು, ರಾಕೆಟ್ ಲಾಂಚರುಗಳಿಂದ ಎರಡೂವರೆ ಲಕ್ಷ ಗುಂಡು.

ಟೈಗರ್ ಹಿಲ್ಲಿಗೆ ಇನ್ನೊಂದು ವಿಶೇಷ ಇತ್ತು. ಕೆಲವು ಬೋಫೋರ್ಸುಗಳನ್ನು ಹೆದ್ದಾರಿ ಹತ್ತಿರಕ್ಕೇ ತಂದು, ಮರೆ ಗಿರೆ ಇಲ್ಲದೆ, ಗುಡ್ಡದ ಮೇಲಿನ ಬಂಕರುಗಳಿಗೆ ನೇರ ಗುರಿ ಇಟ್ಟು ಹೊಡೆದರು. ನಾವು ಅವರಿಗೆ ಕಂಡರೆ ಅವರು ನಮಗೆ ಕಾಣುತ್ತಾರೆ, ಹಾಗೆ. ಕಾಕಾನ ತೋಪು ಅದರಲ್ಲಿ ಒಂದು. "ಅವತ್ತ ಕೋಲು ನೋಡ್ಲಿಲ್ಲ. ಗುಡ್ಡಾನ ನೋಡಿದೆ" ಅಂದ. ಆಮೇಲೆ? ಅಂತ ಕೇಳಿದೆ. ಬದುವಿನ ಮೇಲಿನ ಎರಡು ಕಟ್ಟಿಗೆ ಕಿತ್ತು ಬೇಲಿಗೆ ಎಸೆದು, "ಕಲ್ಲು ಹಾರತಿದ್ವು" ಅಂದ. ಕಲ್ಲಿನ ಜೊತೆ ಇನ್ನೇನು ಹಾರುತ್ತಿತ್ತು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆದರೆ ಅವನನ್ನು ಕಾಡುವುದು ಟೈಗರ್ ಹಿಲ್ ಅಲ್ಲ. ಅಲ್ಲಿ ಏನಾಯಿತು ಅಂತ ಕಣ್ಣಾರೆ ಕಂಡಿದ್ದಾನೆ. ಕಾಡುವುದು ಅದಕ್ಕೂ ಮೊದಲಿನ ಕೋಲು ನೋಡಿ ಹೊಡೆದ ರಾತ್ರಿಗಳು. "ಎಲ್ಲಾ ಸರಿ ಬಿದ್ದಾವು ಅಂತ ಮ್ಯಾಲಿಂದ ಹೇಳಿದ್ರು. ಹಂಗ ಹೇಳಬೇಕಲ್ಲ ಮತ್ತ?" ಅಂದ ಒಮ್ಮೆ. ಯಾರೋ ಅವನಿಗೆ ನೀನು ತಪ್ಪು ಹೊಡೆದೆ ಅಂತ ಅಂದಿಲ್ಲ. ಕಾಗದದಲ್ಲಿ ಎಲ್ಲೂ ಇಲ್ಲ. ಆದರೂ ಸಾವಿರಗಟ್ಟಲೆ ಗುಂಡಿನಲ್ಲಿ ತನ್ನದು ಒಂದಾದರೂ ಬಂಡೆ ಮರೆಯಲ್ಲಿ ಮಲಗಿದ್ದ ನಮ್ಮವರ ಹತ್ತಿರ ಬಿದ್ದಿದ್ದರೆ ಅನ್ನುವುದು ಅವನ ತಲೆಯಿಂದ ಹೋಗಿಲ್ಲ. ಇದಕ್ಕೆ ನಾನು ಏನು ಹೇಳಲಿ? ಬಂದೂಕಿನವನಿಗೆ ತಾನು ಏನು ಮಾಡಿದೆ ಅಂತ ಗೊತ್ತಿರುತ್ತದೆ, ಒಳ್ಳೆಯದೋ ಕೆಟ್ಟದ್ದೋ. ತೋಪಿನವನಿಗೆ ಯಾರೋ ಹೇಳಿದ ಮಾತೇ ಗತಿ.

ಆ ಚಳಿಗಾಲ ಕಾಕಾ ರಜೆಗೆ ಬಂದಾಗ ಚಾದಂಗಡಿಯ ಅದೇ ಹಿರಿಯರು ಹಾರ ತಂದಿದ್ದರು. ಬೋಫೋರ್ಸ್ ಅನ್ನುವುದು ಈಗ ಹೊಗಳಿಕೆ. ಹತ್ತು ವರ್ಷದಲ್ಲಿ ಒಂದು ಶಬ್ದಕ್ಕೆ ಇಷ್ಟು ಬದಲಾವಣೆ ನಾನು ಇನ್ನೆಲ್ಲೂ ಕಂಡಿಲ್ಲ. ಹಾರ ಹಾಕಿದ ಮೇಲೆ ಎಲ್ಲರ ಪ್ರಶ್ನೆ ಒಂದೇ: "ಎಷ್ಟ ಮಂದಿನ್ನ ಹೊಡದಿ?" ಕಾಕಾ, "ಗೊತ್ತಿಲ್ರಿ" ಅಂದ. ಮತ್ತೆ ಕೇಳಿದರು. ಮತ್ತೆ ಗೊತ್ತಿಲ್ಲ ಅಂದ. ಅಲ್ಲಿಗೆ ಜನರಿಗೆ ಆಸಕ್ತಿ ಹೋಯಿತು. ಗುಡ್ಡ ಹತ್ತಿ ಬಂಕರಿಗೆ ನುಗ್ಗಿದವನ ಕಥೆ ಬೇಕಿತ್ತು ಅವರಿಗೆ. ಕೋಲಿನ ಕಥೆ ಯಾರಿಗೆ ಬೇಕು?

ತಪ್ಪು ಅಂತ ನಾನು ಅನ್ನುವುದಿಲ್ಲ. ನಮ್ಮ ಸೀಮೆಯಲ್ಲಿ ಹುತಾತ್ಮ ಅಂದರೆ ಕಣ್ಣ ಮುಂದೆ ಬರುವುದು ಮೈಲಾರ ಮಹಾದೇವಪ್ಪನವರು. 1943ರ ಏಪ್ರಿಲ್ 1ರಂದು ನಮ್ಮ ಪಕ್ಕದ ಹೊಸರಿತ್ತಿಯಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಎದೆಯೊಡ್ಡಿ ಇಬ್ಬರು ಸಂಗಾತಿಗಳ ಜೊತೆ ಹೋದವರು. ಹಾವೇರಿ ಸ್ಟೇಷನ್ನಿಗೆ ಈಗ ಅವರದೇ ಹೆಸರು. ಮುಖ ಇರುವ ಶೌರ್ಯ ನೆನಪಿರುತ್ತದೆ. ಕಾರ್ಗಿಲ್ಲಿನ ನಾಲ್ಕು ಪರಮವೀರ ಚಕ್ರವೂ ಕಾಲಾಳುಗಳಿಗೇ ಹೋಯಿತು. ಹೋಗಬೇಕಾದ್ದೇ. ತೋಪಿನವರ ನೆನಪಿಗೆ ಅಂತ ಪಾಯಿಂಟ್ 5140ಕ್ಕೆ 'ಗನ್ ಹಿಲ್' ಅಂತ ಹೆಸರಿಟ್ಟರು, ಆದರೆ 2022ರಲ್ಲಿ, 23 ವರ್ಷ ಆದ ಮೇಲೆ. ಪೇಪರಿನಲ್ಲಿ ಓದಿ ಕಾಕಾನಿಗೆ ಹೇಳಿದೆ. ಹೇಳಿದೆ ಅಂದರೆ, ಕೂಗಿದೆ.

ಹೌದು, ಅದನ್ನು ಹೇಳಬೇಕು. ಕಾಕಾನಿಗೆ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಒಂದೇ ದಿನದಲ್ಲಿ ಹೋದದ್ದಲ್ಲ. ವರ್ಷಾನುಗಟ್ಟಲೆ ಸ್ವಲ್ಪ ಸ್ವಲ್ಪ. ತೋಪಿನ ಪಕ್ಕದಲ್ಲಿ ನಿಲ್ಲುವವರಿಗೆ ಕಿವಿಗೆ ಇಟ್ಟುಕೊಳ್ಳಲು ಕೊಡುತ್ತಿದ್ದರು, ಆದರೆ ಇಟ್ಟುಕೊಂಡರೆ ಕೂಗುವ ಅಂಕಿ ಸರಿ ಕೇಳುವುದಿಲ್ಲ. ಅಂಕಿ ತಪ್ಪಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ. ಹಾಗಾಗಿ ಕಾಕಾ ಒಂದು ಕಿವಿ ಬಿಟ್ಟುಕೊಂಡ. ಲೆಕ್ಕ ಹಾಕಿಯೇ ಬಿಟ್ಟುಕೊಂಡದ್ದು.

ಪೆನ್ಷನ್ ಮೇಲೆ ಬಂದವರು ನಮ್ಮ ಕಡೆ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಗಾರ್ಡ್ ಆಗುತ್ತಾರೆ. ಕಾಕಾನೂ ಒಂದು ಬ್ಯಾಂಕಿಗೆ ಹೋಗಿದ್ದ. ಮೇಜಿನ ಆಚೆ ಕೂತವನು ತಲೆ ತಗ್ಗಿಸಿ ಕಾಗದ ನೋಡುತ್ತಾ ಎರಡು ಸಲ ಹೆಸರು ಕೇಳಿದನಂತೆ. ತುಟಿ ಕಾಣಲಿಲ್ಲ, ಕಾಕಾನಿಗೆ ತಿಳಿಯಲಿಲ್ಲ. ಅಲ್ಲಿಗೆ ಮುಗಿಯಿತು. ಈಗ ಹೊಲ ನೋಡಿಕೊಂಡಿದ್ದಾನೆ. ಗೋವಿನಜೋಳ, ಹತ್ತಿ, ಒಂದಿಷ್ಟು ಮೆಣಸಿನಕಾಯಿ. ಸಂಜೆ ಸ್ಟೇಷನ್ ಕಡೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಾನೆ. ಗೂಡ್ಸ್ ಗಾಡಿ ಬರುವುದು ನನ್ನ ಕಿವಿಗೆ ಬೀಳುವ ಮೊದಲೇ ಅವನ ಅಂಗಾಲಿಗೆ ತಿಳಿಯುತ್ತದೆ. ನಾನು ಪಕ್ಕದಲ್ಲಿ ಕೂತು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ, ಒಮ್ಮೆಯೂ ನಾನು ಗೆದ್ದಿಲ್ಲ :)

ಒಂದು ಸಲ ಸವಣೂರಿನ ಮಾತು ಬಂತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಸವಣೂರಿಗೆ ಮುತ್ತಿಗೆ ಹಾಕಿದ್ದ, ಆಗ ನವಾಬನನ್ನು ಬಗ್ಗಿಸಿದ್ದು ಫ್ರೆಂಚ್ ಸೇನಾಪತಿ ಬುಸ್ಸಿಯ ತೋಪುಗಳು ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಸವಣೂರು ನಮಗೆ ಎಷ್ಟು ದೂರ! ಆ ಸದ್ದು ಕರ್ಜಗಿಗೂ ಕೇಳಿರಬೇಕು ಅಂದೆ. ಕಾಕಾ ಯೋಚನೆ ಮಾಡಿ, "ಅವ್ರ ಕಿವಿ ಏನಾದ್ವು ಬರದಾರೇನು?" ಅಂದ. ಇಲ್ಲ ಕಾಕಾ, ಅದನ್ನ ಯಾರೂ ಬರದಿಲ್ಲ.

ಇನ್ನೊಂದು ಸಲ ಸ್ವಾತಿ ರಾಡಾರಿನ ಬಗ್ಗೆ ಹೇಳಿದೆ. ವೈರಿಯ ಗುಂಡು ಗಾಳಿಯಲ್ಲಿ ಇರುವಾಗಲೇ ಅದರ ದಾರಿ ಅಳೆದು, ಅದು ಎಲ್ಲಿಂದ ಹೊರಟಿತು ಅಂತ ಹೇಳುವ ಯಂತ್ರ. ಬೆಂಗಳೂರಿನ ಎಲ್‌ಆರ್‌ಡಿಇ ತಯಾರು ಮಾಡಿ, ಬಿಇಎಲ್ ಕಟ್ಟಿ, 2017ರಲ್ಲಿ ಸೈನ್ಯಕ್ಕೆ ಕೊಟ್ಟರು. ಕಾರ್ಗಿಲ್ಲಿನಲ್ಲಿ ಇಂಥದ್ದರ ಕೊರತೆ ಬಹಳ ಇತ್ತು. ಗುಡ್ಡದ ಮೇಲಿಂದ ಅವರು ನೋಡಿ ನೋಡಿ ಹೆದ್ದಾರಿಗೆ, ನಮ್ಮ ತೋಪುಗಳಿಗೆ ಹೊಡೆಸುತ್ತಿದ್ದರು, ಹೊಡೆಯುವ ತೋಪು ಎಲ್ಲಿದೆ ಅಂತ ನಮಗೆ ತಿಳಿಯುತ್ತಿರಲಿಲ್ಲ. ಕಾಕಾ ಎರಡು ಸಲ ವಿವರವಾಗಿ ಕೇಳಿದ. ಆಮೇಲೆ ಅವನ ಬ್ಯಾಟರಿಯಲ್ಲಿದ್ದ ಒಬ್ಬ ಹುಡುಗನ ಊರಿನ ಹೆಸರು ಹೇಳಿದ. ಅಷ್ಟೇ. ಹುಡುಗನ ಬಗ್ಗೆ ಬೇರೇನೂ ಹೇಳಲಿಲ್ಲ.

ಕಾಕಾನ ಮಗ, ಅಂದರೆ ನನ್ನ ತಮ್ಮ, ಅಗ್ನಿವೀರನಾಗಿ ಭರ್ತಿಯಾದ. ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ನಾಲ್ಕು ವರ್ಷದ ನೌಕರಿ, ಆಮೇಲೆ ನೂರಕ್ಕೆ 25 ಮಂದಿಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಉಳಿದವರಿಗೆ ಪೆನ್ಷನ್ ಇಲ್ಲ. ಅಪ್ಪ ಬೇಡವೇ ಬೇಡ ಅಂದ. ಕಾಕಾ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಛಲೋ ಲೇಯರ್ ಆಗಾಕ ನಾಕ ವರ್ಷ ಬೇಕು. ಕಲ್ತ ಕೂಡ್ಲೆ ಮನಿಗೆ ಕಳಸ್ತಾರೇನು?" ಅಂತ ಒಂದೇ ಮಾತು ಕೇಳಿದ. ನನಗೇನೋ ಆ ಇಡೀ ಯೋಜನೆಯ ಬಗ್ಗೆ ಟೀವಿಯಲ್ಲಿ ನಡೆದ ಚರ್ಚೆಗಳಿಗಿಂತ ಇದೇ ಸರಿಯಾದ ಪ್ರಶ್ನೆ ಅನ್ನಿಸಿತು.

ಹುಡುಗನಿಗೆ ಸಿಕ್ಕಿದ್ದೂ ಆರ್ಟಿಲರಿಯೇ, ಅದೇ ಗೋಲ್ಕೊಂಡದ ಸೆಂಟರು. ಈಗ ಕಾಲ ಬದಲಾಗಿದೆ, ಟ್ಯಾಂಕಿನ ಹಾಗೆ ಮುಚ್ಚಿದ ವಜ್ರ ತೋಪು ಬಂದಿದೆ, 2023ರಿಂದ ಹೆಣ್ಣುಮಕ್ಕಳೂ ಆರ್ಟಿಲರಿಯಲ್ಲಿ ಆಫೀಸರುಗಳು. ಗೋಲ್ಕೊಂಡದ ಬಿಸಿಲು ಮಾತ್ರ ಹಂಗೇ ಐತಿ ಅಂತ ಹುಡುಗ ಹೇಳುತ್ತಾನೆ.

ಮೊನ್ನೆ ಭಾನುವಾರ ನಾನು ಊರಲ್ಲೇ ಇದ್ದೆ, ಅವನ ವೀಡಿಯೋ ಕಾಲ್ ಬಂತು. ಫೋನಿನಲ್ಲಿ ಕಾಕಾನಿಗೆ ಏನೂ ಕೇಳುವುದಿಲ್ಲ, ಆದ್ದರಿಂದ ಮಗ ಹೇಳಿದ್ದನ್ನು ಕಾಕು ಅವನ ಎಡಗಿವಿಗೆ ಬಾಯಿಟ್ಟು ಕೂಗಿ ಹೇಳಬೇಕು. ಊಟ ಆತು, ಮಳಿ ಆತು, ಎಮ್ಮಿ ಈತು, ಎಲ್ಲ ಆಯಿತು. ಕಡೆಗೆ ಕಾಕಾ, "ಕಿವಿಗೆ ಇಟ್ಕೊಳ್ಳಾಕ ಕೊಟ್ಟಾರಿಲ್ಲೋ ಕೇಳು" ಅಂದ.

"ಕೊಟ್ಟಾರ" ಅಂದ ಹುಡುಗ.

"ಇಟ್ಕೋತಾನೇನು ಕೇಳು."

ಹುಡುಗ ನಕ್ಕ. "ಇಟ್ಕೊಂಡ್ರ ಆರ್ಡರ್ ಸರಿ ಕೇಳ್ಸೂದಿಲ್ಲವ್ವಾ. ಒಂದ ಕಿವಿಗೆ ಇಟ್ಕೊಂತೇನಿ" ಅಂದ.

ಕಾಕಾ ಕಾಕುವಿನ ಮುಖವನ್ನೇ ನೋಡುತ್ತಿದ್ದ. ಕಾಕು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ ಅವನ ಕಿವಿಗೆ ಗಟ್ಟಿಯಾಗಿ, "ಇಟ್ಕೋತಾನಂತ. ಎರಡೂ ಕಿವಿಗೆ" ಅಂದಳು.